ಮೆರವಣಿಗೆಯಲ್ಲಿ ಸೇರುವವರ ಹೊಣೆ

ಪಟ್ಟಣದ ದೊಡ್ಡ ಬೀದಿಯಲ್ಲಿ ಸಾವಿರಾರು ಜನರು ಒಂದೇ ಬೇಡಿಕೆಯನ್ನು ಮುಂದಿಟ್ಟುಕೊಂಡು ಸಾಲಾಗಿ ನಡೆಯುವದನ್ನು ಪ್ರತಿಭಟನೆಯ ಮೆರವಣಿಗೆ ಎನ್ನುತ್ತೇವೆ. ಶಾಲೆಯನ್ನು ಬಿಟ್ಟು ಕಾಲೇಜು, ಕಚೇರಿ, ಕಾರಖಾನೆಗಳಿಗೆ ಹೋದ ನಮ್ಮ ಸಹೋದರಿಯರಲ್ಲಿ ಅನೇಕರಿಗೆ ಎಂದಾದರೊಂದು ದಿನ ಇಂಥ ಮೆರವಣಿಗೆಯ ಕರೆಯು ಬರಬಹುದು. ಹೋಗಬೇಕೋ ಬೇಡವೋ ಎಂಬದು ಅವರ ಪ್ರಶ್ನೆ; ಹೆಣ್ಣುಮಗಳನ್ನು ಬೀದಿಗೆ ಕಳುಹಬಹುದೇ ಎಂಬದು ತಾಯಿತಂದೆಗಳ ಚಿಂತೆ. ಈ ಎರಡಕ್ಕೂ ಉತ್ತರವನ್ನು ಸಾಧ್ಯವಾದ ಮಟ್ಟಿಗೆ ನಮ್ಮ ನಾಡಿನ ಅನುಭವದಿಂದಲೇ ಹುಡುಕಬೇಕೆಂಬದು ಈ ಲೇಖನದ ಉದ್ದೇಶವಾಗಿದೆ.

ಮೊದಲು ಗದಗಿಗೆ ಸಮೀಪದ ಕಣಗಿನಹಾಳವನ್ನು ನೆನೆಯೋಣ. 1904ರಲ್ಲಿ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿತು. ಮರುವರ್ಷವೇ, ಅಂದರೆ 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಈ ಊರಿನ ರೈತರು ಒಂದು ಸಂಘವನ್ನು ಕಟ್ಟಿದರು. ಅದು ಭಾರತದ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘವೆಂದು ಪ್ರಸಿದ್ಧವಾಗಿದೆ. ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಮಿತಿಯಿರಕೂಡದೆಂಬದು ಆ ಕಾಯಿದೆಯ ಸಾಮಾನ್ಯ ನಿಯಮವಾಗಿತ್ತು. ಸಂಘದ ಸಾಲಕ್ಕೆ ಪ್ರತಿಯೊಬ್ಬನೂ ಬಾಧ್ಯನು. ಒಬ್ಬನು ತಪ್ಪಿದರೆ ಉಳಿದವರು ತೆರಬೇಕು. ಆದಕಾರಣ ಸೇರುವ ಮುಂಚೆಯೇ ತನ್ನ ಜೊತೆಗಾರರು ಎಂಥವರೆಂದು ವಿಚಾರಿಸುವದು ಅವಶ್ಯವಾಗಿತ್ತು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬದು ಸಹಕಾರದ ಒಂದು ಮುಖ. ಒಬ್ಬರ ತಪ್ಪಿಗೆ ಎಲ್ಲರೂ ಬಾಧ್ಯರೆಂಬದು ಇನ್ನೊಂದು ಮುಖ. ಮೆರವಣಿಗೆಗೂ ಈ ಎರಡು ಮುಖಗಳುಂಟೆಂಬದೇ ನಮ್ಮ ಅಭಿಪ್ರಾಯ.

ಹನಿಗೂಡಿ ಹಳ್ಳವಾದದ್ದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2010ರಲ್ಲಿ ದಕ್ಷಿಣ ಕೊರಿಯದ ಪೋಸ್ಕೋ ಎಂಬ ಉಕ್ಕಿನ ಕಂಪನಿಯು ರಾಜ್ಯ ಸರಕಾರದೊಡನೆ ಒಪ್ಪಂದವನ್ನು ಮಾಡಿಕೊಂಡಿತು. ಅದರ ಕಾರಖಾನೆಗಾಗಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಕಡೆಯಲ್ಲಿ ಮೂರು ಸಾವಿರಕ್ಕೂ ಮಿಕ್ಕ ಎಕರೆ ಭೂಮಿಯನ್ನು ವಶಪಡಿಸಿಕೊಳ್ಳುವ ಯೋಜನೆಯಾಯಿತು. ಉಳುವ ಹೊಲವು ಹೋಗುವದೆಂದು ರೈತರು ಎದ್ದು ನಿಂತರು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ಅವರ ಮುಂದಾಳುಗಳಾದರು. 2011ರ ಜುಲೈಯಲ್ಲಿ ಸರಕಾರವು ಅಲ್ಲಿಯ ಭೂಸ್ವಾಧೀನವನ್ನು ಕೈಬಿಟ್ಟಿತು. 2013ರ ಜುಲೈಯಲ್ಲಿ ಕಂಪನಿಯು ಕರ್ನಾಟಕದ ಯೋಜನೆಯಿಂದಲೇ ಹಿಂದೆಗೆಯಿತು. ಕಾರಖಾನೆ ಬರಬೇಕಿತ್ತೋ ಬೇಡವೋ ಎಂಬ ವಾದವು ಬೇರೆ. ಇಲ್ಲಿ ನಾವು ಗಮನಿಸತಕ್ಕದ್ದೇನಂದರೆ, ಬೇಡಿಕೆಯು ಸ್ಪಷ್ಟವಾಗಿತ್ತು, ಬೇಡಿದವರು ಆ ಹೊಲಗಳನ್ನು ಬಲ್ಲವರಾಗಿದ್ದರು, ಉತ್ತರ ಕೊಡಬಲ್ಲ ಮುಂದಾಳು ಎದುರಿಗೇ ಇದ್ದರು.

ಇನ್ನು ಸ್ತ್ರೀಯರ ವಿಷಯ. 1930ರಲ್ಲಿ ಗಾಂಧೀಜಿಯವರು ಉಪ್ಪಿನ ಸತ್ಯಾಗ್ರಹಕ್ಕಾಗಿ ಸಾಬರಮತಿಯಿಂದ ದಾಂಡಿಗೆ ನಡೆದಾಗ, ಅಂದಿನ ಧಾರವಾಡ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಆ ತಂಡದಲ್ಲಿದ್ದರು. ಆದರೆ ಹೊರಟಾಗ ಆ ತಂಡದಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಗಾಂಧೀಜಿಯವರನ್ನು ಕಂಡು, ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಪಾಲು ಬೇಕೆಂದು ವಾದಿಸಿದರು. ಅನಂತರ ಸಾವಿರಾರು ಸ್ತ್ರೀಯರು ಬೀದಿಗಿಳಿದರು. ಎಂಬತ್ತೊಂಬತ್ತು ವರ್ಷಗಳ ತರುವಾಯ, 2019ರ ಜನವರಿ 19ರಂದು, ಮದ್ಯನಿಷೇಧವನ್ನು ಬೇಡುತ್ತ ನಮ್ಮ ನಾಡಿನ ಹಳ್ಳಿಗಳ ಸ್ತ್ರೀಯರು ಚಿತ್ರದುರ್ಗದಿಂದ ಕಾಲ್ನಡಿಗೆಯಲ್ಲಿ ಹೊರಟು, ಸುಮಾರು 200 ಕಿಲೋಮೀಟರ್ ನಡೆದು, ಜನವರಿ 30ರಂದು ಬೆಂಗಳೂರಿನಲ್ಲಿ ಮೆರವಣಿಗೆ ಮಾಡಿದರು. ಅವರು ಬೇಡಿದ ನಿಷೇಧವು ದೊರೆಯಲಿಲ್ಲ. ಶಿಸ್ತಿನಿಂದ ನಡೆದ ಮಾತ್ರಕ್ಕೆ ಫಲವು ಬಂದೇ ಬರುವದೆಂದು ಯಾರೂ ತಿಳಿಯಬಾರದು. ಆದರೂ ಮನೆಯೊಳಗೆ ಕಣ್ಣೀರಿನಲ್ಲಿ ಮುಚ್ಚಿಹೋಗಿದ್ದ ದುಃಖವನ್ನು ರಾಜ್ಯವೆಲ್ಲವೂ ಕೇಳುವಂತೆ ಮಾಡಿದ್ದು ಅಲ್ಪ ಕಾರ್ಯವಲ್ಲ.

ಮೆರವಣಿಗೆಯ ಇನ್ನೊಂದು ಮುಖವನ್ನು ಬೆಂಗಳೂರು 2016ರಲ್ಲಿ ಕಂಡಿತು. ಭವಿಷ್ಯನಿಧಿಯ ಹಣವನ್ನು ಹಿಂದಕ್ಕೆ ಪಡೆಯುವದಕ್ಕೆ ಕೇಂದ್ರ ಸರಕಾರವು ಹೊಸ ನಿರ್ಬಂಧವನ್ನು ಹಾಕಿತ್ತು. ಧಣಿಯು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯಕೂಡದೆಂದಿತ್ತು. ಸಿದ್ಧ ಉಡುಪಿನ ಕಾರಖಾನೆಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳಿಗೆ ಅದೇ ಕಷ್ಟಕಾಲದ ಗಂಟು. ಏಪ್ರಿಲ್ 18 ಮತ್ತು 19ರಂದು ಅವರು ಯಾವ ಮುಂದಾಳೂ ಇಲ್ಲದೆ ಸಹಸ್ರಗಟ್ಟಲೆಯಾಗಿ ರಸ್ತೆಗೆ ಬಂದರು. 19ರಂದೇ ಸರಕಾರವು ಆ ನಿಯಮವನ್ನು ಹಿಂದೆಗೆದುಕೊಂಡಿತು. ಆದರೆ ಅದೇ ಗದ್ದಲದಲ್ಲಿ ಬಸ್ಸುಗಳು ಸುಟ್ಟುಹೋದವು, ಲಾಠಿಗಳು ಬೀಸಿದವು, ಅನೇಕರು ದಸ್ತಗಿರಿಯಾದರು. ಕಲ್ಲೆಸೆದವರು ಕೆಲವರು; ಹೆಸರು ಕೆಟ್ಟದ್ದು ಎಲ್ಲರದು. ಅಮಿತ ಹೊಣೆಯೆಂದರೆ ಇದೇ.

ಕಾನೂನನ್ನಾದರೂ ತಿಳಿದಿರಬೇಕು. ಆಯುಧಗಳಿಲ್ಲದೆ ಶಾಂತರಾಗಿ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ನಾಗರಿಕರೆಲ್ಲರಿಗೆ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆಗಾಗಿ ಯುಕ್ತವಾದ ನಿರ್ಬಂಧಗಳಿಗೂ ಎಡೆಮಾಡಿದೆ. ಆದ್ದರಿಂದ ಹೋಗುವ ದಾರಿಗೆ ಪೊಲೀಸರ ಅನುಮತಿಯಿದೆಯೋ ಎಂದು ವಿಚಾರಿಸಬೇಕು. ಬೆಂಗಳೂರಿನಲ್ಲಿ ಪ್ರತಿಭಟನೆಗೆಂದು ಗೊತ್ತುಮಾಡಿದ ಸ್ಥಳವು ಫ್ರೀಡಂ ಪಾರ್ಕು. ಹಿಂದೆ ಅದು ಸೆಂಟ್ರಲ್ ಜೈಲಾಗಿತ್ತು. ತಾಯಿತಂದೆಗಳು ಅರಿಯತಕ್ಕ ಇನ್ನೊಂದು ವಿಧಿಯುಂಟು: ಸೂರ್ಯಾಸ್ತದಿಂದ ಸೂರ್ಯೋದಯದ ವರೆಗೆ, ವಿಶೇಷ ಸಂದರ್ಭದ ಹೊರತು, ಸ್ತ್ರೀಯನ್ನು ದಸ್ತಗಿರಿ ಮಾಡಕೂಡದು, ಅಂಥ ಸಂದರ್ಭದಲ್ಲಿಯೂ ಮಹಿಳಾ ಪೊಲೀಸ್ ಅಧಿಕಾರಿಯು ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನು ಮೊದಲೇ ಪಡೆಯಬೇಕು.

ಹೋಗಲು ನಿಶ್ಚಯಿಸಿದವರು ಕೆಲವು ಮಾತುಗಳನ್ನು ನೆನಪಿನಲ್ಲಿಡಲಿ. ಒಂಟಿಯಾಗಿ ಹೋಗದೆ ಪರಿಚಿತರೊಡನೆ ಹೋಗಬೇಕು. ಯಾರೊಡನೆ, ಎಲ್ಲಿಗೆ, ಎಷ್ಟು ಹೊತ್ತಿಗೆ ಮರಳುವದೆಂದು ಮನೆಯಲ್ಲಿ ತಿಳಿಸಬೇಕು. ಕುಡಿಯುವ ನೀರು, ಗುರುತಿನ ಚೀಟಿ, ಕಾಗದದ ಮೇಲೆ ಬರೆದ ಮನೆಯ ಫೋನಿನ ಅಂಕೆ ಇವು ಕೈಯಲ್ಲಿರಬೇಕು. ನೂಕುನುಗ್ಗಲಾದಾಗ ಎದುರಾಗಿ ನುಗ್ಗದೆ ಓರೆಯಾಗಿ ಅಂಚಿಗೆ ಸರಿಯಬೇಕು. ಆಂಬ್ಯುಲೆನ್ಸು ಬಂದರೆ ಕೂಡಲೇ ದಾರಿ ಬಿಡಬೇಕು. ಪಕ್ಕದವನ ಕೈಯಲ್ಲಿ ಕಲ್ಲು ಕಂಡರೆ ಸ್ವಯಂಸೇವಕರಿಗೆ ತಿಳಿಸಬೇಕು. ಅವರೂ ತಡೆಯಲಾರದೆ ಹೋದರೆ ಆ ಸಾಲನ್ನು ಬಿಟ್ಟು ಬರುವದು ಹೇಡಿತನವಲ್ಲ.

ತಾಯಿತಂದೆಗಳೇ, ಮಗಳು ಅಪ್ಪಣೆ ಕೇಳಿದಾಗ ಒಮ್ಮೆಲೇ ಬೇಡವೆನ್ನಬೇಡಿರಿ. ಯೋಚಿಸದೆ ಹೂಂಗುಟ್ಟಲೂ ಬೇಡಿರಿ. ಅವಳ ಕೂಡ ಕುಳಿತು ಮೂರು ಮಾತು ಕೇಳಿರಿ: ಈ ಬೇಡಿಕೆಯು ಏನು? ಅಲ್ಲಿ ತಪ್ಪಾದರೆ ಉತ್ತರ ಕೊಡುವವರು ಯಾರು? ಮೆರವಣಿಗೆ ಮುಗಿದ ಮರುದಿನ ನೀನು ಮಾಡುವ ಕೆಲಸವೇನು? ಈ ಮೂರಕ್ಕೂ ಸರಿಯಾದ ಉತ್ತರವಿದ್ದರೆ ಬುತ್ತಿ ಕಟ್ಟಿ ಕಳುಹಿರಿ. ಇಲ್ಲವಾದರೆ, ಉತ್ತರವನ್ನು ತಿಳಿದುಕೊಂಡು ಬಾ ಎನ್ನಿರಿ.