ನಕ್ಷೆಯ ಕಡತ: ತೆರೆಯುವ ಮತ್ತು ಕಾಪಾಡುವ ಕ್ರಮ

ಹಿಂದೆ ನಕ್ಷೆಯನ್ನು ನೋಡಬೇಕಾದರೆ ಕಾಗದದ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದರೆ ಸಾಕಾಗಿತ್ತು. ಅದರಲ್ಲಿದ್ದ ಗೆರೆಗಳು ಎಲ್ಲರ ಕಣ್ಣಿಗೂ ಒಂದೇ ತೆರನಾಗಿ ಕಾಣುತ್ತಿದ್ದುವು. ಇಂದು ಮನೆ, ಸೇತುವೆ, ಯಂತ್ರಗಳ ನಕ್ಷೆಗಳು ಬಹುಮಟ್ಟಿಗೆ ಕಂಪ್ಯೂಟರಿನಲ್ಲಿಯೇ ಸಿದ್ಧವಾಗುತ್ತವೆ. ಆದರೆ ಒಬ್ಬರು ರಚಿಸಿದ ನಕ್ಷೆಯನ್ನು ಮತ್ತೊಬ್ಬರು ತೆರೆಯಹೋದಾಗ ಅದು ತೆರೆಯದೆ ಇರಬಹುದು. ತೆರೆದರೂ ಬೇರೆಯಾಗಿ ಕಾಣಬಹುದು. ಹೀಗೇಕೆ? ಇದನ್ನು ತಿಳಿಯಬೇಕಾದರೆ ಕಡತದೊಳಗೆ ಏನಿದೆಯೆಂಬುದನ್ನು ನಾವು ಮೊದಲು ಅರಿಯಬೇಕು.

ನಕ್ಷೆಯ ಕಡತದಲ್ಲಿರುವುದು ಚಿತ್ರವಲ್ಲ. ಚಿತ್ರವನ್ನು ಬರೆಯಲು ಬೇಕಾದ ವಿವರಗಳು. ಸರಳರೇಖೆಯೊಂದನ್ನು ಎಳೆದರೆ ಅದರ ಎರಡು ತುದಿಗಳ ನಿರ್ದೇಶಾಂಕಗಳು ಅಲ್ಲಿ ದಾಖಲಾಗುತ್ತವೆ. ವೃತ್ತವಾದರೆ ಕೇಂದ್ರವೂ ತ್ರಿಜ್ಯವೂ ಸಾಕು. ಕಡತವನ್ನು ತೆರೆಯುವುದೆಂದರೆ, ತಂತ್ರಾಂಶವು ಈ ವಿವರಗಳನ್ನು ಓದಿ ನಕ್ಷೆಯನ್ನು ನಮ್ಮೆದುರಿಗೆ ಹೊಸದಾಗಿ ಬರೆಯುವುದೆಂದೇ ಅರ್ಥ. ಆದುದರಿಂದ ತೆರೆಯುವಾಗ ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಆವೃತ್ತಿ. 1982ರಲ್ಲಿ ಹೊರಬಂದ ಆಟೋಕ್ಯಾಡ್ ತಂತ್ರಾಂಶದ ಕಡತಗಳನ್ನು ಡಿಡಬ್ಲ್ಯುಜಿ ಕಡತಗಳೆಂದು ಕರೆಯುತ್ತಾರೆ. ಅವನ್ನು ಬರೆದಿಡುವ ಕ್ರಮ ಕಾಲಕಾಲಕ್ಕೆ ಬದಲಾಗಿದೆ. ಕಡತದ ಮೊದಲ ಆರು ಅಕ್ಷರಗಳೇ ಅದರ ಆವೃತ್ತಿಯನ್ನು ಹೇಳುತ್ತವೆ: ಎಸಿ1015 ಎಂದಿದ್ದರೆ ಅದು 2000ದ ಕ್ರಮ, ಎಸಿ1032 ಎಂದಿದ್ದರೆ 2018ರದು. ಕಡತದ ಪ್ರತಿಯೊಂದನ್ನು ಮಾಡಿಕೊಂಡು, ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಆರಂಭದಲ್ಲಿಯೇ ಈ ಗುರುತನ್ನು ಕಾಣಬಹುದು. ಹಳೆಯ ತಂತ್ರಾಂಶಕ್ಕೆ ಹೊಸ ಬರೆಹ ತಿಳಿಯದು. ಆಗ ಕಳುಹಿಸಿದವರು ಅದನ್ನು ಹಳೆಯ ಆವೃತ್ತಿಯಲ್ಲಿ ಉಳಿಸಿ ಕೊಡಬೇಕು. ಇಲ್ಲವೆ ಡಿಎಕ್ಸ್‌ಎಫ್ ಎಂಬ ವಿನಿಮಯ ರೂಪಕ್ಕೆ ತಿರುಗಿಸಬೇಕು. ಹಣ ಕೊಡದೆ ದೊರೆಯುವ ಲಿಬ್ರೆಕ್ಯಾಡ್ ಮೊದಲಾದ ತಂತ್ರಾಂಶಗಳೂ ಡಿಎಕ್ಸ್‌ಎಫ್ ಅನ್ನು ಓದಬಲ್ಲವು.

ಎರಡನೆಯದು ಮಾನ. ಕಡತದಲ್ಲಿ 100 ಎಂದಿದ್ದರೆ ಅದು ಮಿಲಿಮೀಟರೇ, ಅಂಗುಲವೇ? ಒಂದು ಅಂಗುಲವೆಂದರೆ 25.4 ಮಿಲಿಮೀಟರು, ಇಲ್ಲಿ ತಪ್ಪಿದರೆ ಎಲ್ಲ ಅಳತೆಗಳೂ ಅಷ್ಟು ಪಾಲು ಕೆಡುವುವು. ಕಡತದಲ್ಲಿ ಮಾನದ ಸೂಚನೆಯಿದ್ದರೂ ಅದನ್ನೇ ನೆಚ್ಚದೆ, ಬಾಗಿಲಿನ ಅಗಲದಂತಹ ತಿಳಿದ ಉದ್ದವೊಂದನ್ನು ಅಳೆದು ನೋಡುವುದು ಲೇಸು.

ಮೂರನೆಯದು ಆಶ್ರಿತ ಕಡತಗಳು. ದೊಡ್ಡ ನಕ್ಷೆಯೊಳಗೆ ಬೇರೆ ನಕ್ಷೆಗಳನ್ನು ಜೋಡಿಸಿದಾಗ, ಅನೇಕ ವೇಳೆ ಮೂಲ ಕಡತದಲ್ಲಿ ಅವುಗಳ ವಿಳಾಸ ಮಾತ್ರ ಇರುತ್ತದೆ. ಮುಖ್ಯ ಕಡತವೊಂದನ್ನೇ ಮಿತ್ರನಿಗೆ ಕಳುಹಿಸಿದರೆ ಜೋಡಿಸಿದ ಭಾಗಗಳು ಅವನಿಗೆ ಕಾಣಿಸವು. ಅಕ್ಷರವಿನ್ಯಾಸದ ಕಡತ ಜೊತೆಗಿಲ್ಲದಿದ್ದರೆ ಕನ್ನಡದ ಬರೆಹವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಬಹುದು. ಆದುದರಿಂದ ಇವೆಲ್ಲವನ್ನೂ ಒಂದೇ ಕೋಶದಲ್ಲಿರಿಸಿ, ಕೋಶವನ್ನೇ ಕಳುಹಿಸಬೇಕು. ಆಟೋಕ್ಯಾಡಿನ ಇ-ಟ್ರಾನ್ಸ್‌ಮಿಟ್ ಎಂಬ ಆದೇಶವು ಈ ಕೆಲಸವನ್ನು ತಾನೇ ಮಾಡುತ್ತದೆ.

ಇವು ಕಲಿಯುವವರ ಸಣ್ಣ ತೊಡಕುಗಳು ಮಾತ್ರವೆಂದು ಭಾವಿಸಬಾರದು. ಏರ್‌ಬಸ್ ಎ380 ವಿಮಾನದಲ್ಲಿ ಸುಮಾರು 530 ಕಿಲೋಮೀಟರುಗಳಷ್ಟು ವಿದ್ಯುತ್ ತಂತಿಯಿದೆ. ಅದರ ವಿನ್ಯಾಸಕ್ಕೆ ಕ್ಯಾಟಿಯಾ ಎಂಬ ತಂತ್ರಾಂಶವನ್ನು ಬಳಸಿದ್ದರು. ಆದರೆ ಜರ್ಮನಿಯವರು ಅದರ 4ನೆಯ ಆವೃತ್ತಿಯನ್ನೂ ಫ್ರಾನ್ಸಿನವರು 5ನೆಯದನ್ನೂ ಇಟ್ಟುಕೊಂಡಿದ್ದರು. ಒಂದು ಕಡೆ ಮಾಡಿದ ತಿದ್ದುಪಾಟುಗಳು ಇನ್ನೊಂದು ಕಡೆಗೆ ಸರಿಯಾಗಿ ಸೇರಲಿಲ್ಲ. ಹ್ಯಾಂಬರ್ಗಿನಲ್ಲಿ ಸಿದ್ಧವಾದ ತಂತಿಕಟ್ಟುಗಳು ಟುಲೂಸಿನ ಜೋಡಣಾಶಾಲೆಯಲ್ಲಿ ಉದ್ದ ಸಾಲದೆ ಹೋದುವು. 2006ರಲ್ಲಿ ಸಂಸ್ಥೆಯು ಭಾರಿ ವಿಳಂಬವನ್ನು ಸಾರಬೇಕಾಯಿತು. ಮೊದಲ ವಿಮಾನ ಕೊಂಡವರ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ. ಆ ನಷ್ಟದ ಮುಖ್ಯ ಕಾರಣಗಳಲ್ಲಿ ಈ ಆವೃತ್ತಿಭೇದವೂ ಒಂದು.

ಇನ್ನು ಕಾಪಾಡುವ ಬಗೆ. ತಿದ್ದುವ ಮೊದಲು ಮೂಲದ ಪ್ರತಿಯೊಂದನ್ನು ತೆಗೆದಿಡಬೇಕು. ‘ಕೊನೆಯದು’, ‘ಹೊಸ ಕೊನೆಯದು’ ಎಂದು ಹೆಸರಿಡುವ ಬದಲು ದಿನಾಂಕವನ್ನೋ ಕ್ರಮಸಂಖ್ಯೆಯನ್ನೋ ಸೇರಿಸಬೇಕು. ಆಟೋಕ್ಯಾಡ್ ಸಾಮಾನ್ಯವಾಗಿ ಪ್ರತಿ ಸಲ ಉಳಿಸುವಾಗಲೂ ಹಿಂದಿನ ರೂಪವನ್ನು ‘ಬಿಎಕೆ’ ಎಂಬ ಬಾಲದೊಡನೆ ಇಟ್ಟಿರುತ್ತದೆ. ಮುಖ್ಯ ಕಡತ ಕೆಟ್ಟರೆ, ಆ ಬಾಲವನ್ನು ‘ಡಿಡಬ್ಲ್ಯುಜಿ’ ಎಂದು ಬದಲಿಸಿ ತೆರೆಯಬಹುದು. ಕೆಟ್ಟ ಕಡತವನ್ನೇ ದುರಸ್ತಿಮಾಡಲು ‘ರಿಕವರ್’ ಎಂಬ ಆದೇಶವುಂಟು. ಆದರೂ ಎಲ್ಲ ಪ್ರತಿಗಳೂ ಒಂದೇ ಯಂತ್ರದಲ್ಲಿದ್ದರೆ, ಯಂತ್ರ ಕೆಟ್ಟಾಗ ಎಲ್ಲವೂ ಒಟ್ಟಿಗೆ ಹೋಗುವುವು. ಒಂದು ಪ್ರತಿ ಹೊರಗಿರಲೇಬೇಕು.

ಗಾರೆಯವನಾಗಲಿ ಬಡಗಿಯಾಗಲಿ ನಕ್ಷೆಯನ್ನು ನಂಬಿಯೇ ಕೆಲಸಕ್ಕೆ ತೊಡಗುತ್ತಾನೆ. ನಾವು ಬರೆದುದು ಅವನ ಕಣ್ಣಿಗೂ ಹಾಗೆಯೇ ಕಾಣುವಂತೆ ನೋಡಿಕೊಳ್ಳುವುದೂ ನಕ್ಷೆ ಬರೆಯುವವರ ಕೆಲಸದ ಒಂದು ಭಾಗವೇ ಆಗಿದೆ.