ಆಟದೊಳಗಿನ ಅಂಚೆ

ಅಂಚೆಯ ಕಾರ್ಡಿನಲ್ಲಿ ಬರೆದ ಸಂಗತಿಯನ್ನು ವಿಳಾಸದಾರನಿಗಿಂತ ಮೊದಲೇ ಊರಿನ ನಾಲ್ವರು ಓದಿಬಿಡುವುದುಂಟು. ಕಾರ್ಡಿನ ಮೇಲಿನ ಹೆಸರು ಅದು ಯಾರಿಗೆ ಸೇರಬೇಕೆಂಬುದನ್ನು ತಿಳಿಸುತ್ತದೆಯೇ ಹೊರತು ಇತರರ ಕಣ್ಣನ್ನು ಮುಚ್ಚಿಸುವುದಿಲ್ಲ. ಗಣಕಯಂತ್ರಗಳ ಜಾಲದಲ್ಲಿಯೂ ಈ ತೊಡಕು ಉಂಟು. ಅದನ್ನು ಸ್ಪಷ್ಟವಾಗಿ ಕಾಣಬಹುದಾದ ಸ್ಥಳಗಳಲ್ಲಿ ಒಂದು, ಮಕ್ಕಳೂ ದೊಡ್ಡವರೂ ಆಡುವ ಒಂದು ಆಟವೆಂಬುದು ಸೋಜಿಗದ ಸಂಗತಿ.

ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ ಎಂಬಾತನು ರಚಿಸಿದ ಮೈನ್‌ಕ್ರಾಫ್ಟ್ ಆಟವು 2009ರಲ್ಲಿ ಮೊದಲು ಜನರ ಕೈಸೇರಿ, 2011ರ ನವೆಂಬರಿನಲ್ಲಿ ಪೂರ್ಣರೂಪವನ್ನು ತಳೆಯಿತು. ಅದರ ಲೋಕವೆಲ್ಲವೂ ಬ್ಲಾಕ್‌ಗಳೆಂಬ ಚೌಕದ ತುಂಡುಗಳಿಂದ ಆದುದು. ಗೆಲ್ಲಲೇಬೇಕೆಂಬ ನಿರ್ಬಂಧ ಅಲ್ಲಿಲ್ಲ. ಅಗೆಯುವುದು, ಕಟ್ಟುವುದು, ಕೂಡಿಡುವುದು ಆಟಗಾರನ ಇಚ್ಛೆ. ಇಂತಹ ಆಟಕ್ಕೆ ಹೊರಗಿನವರು ಸೇರಿಸುವ ಹೊಸ ಭಾಗಕ್ಕೆ ಮಾಡ್ ಎಂದು ಹೆಸರು. ಡೇನಿಯಲ್ ರಾಟ್‌ಕ್ಲಿಫ್ ಎಂಬಾತನು 2011ರಲ್ಲಿ ರಚಿಸಿದ ಕಂಪ್ಯೂಟರ್‌ಕ್ರಾಫ್ಟ್ ಅಂತಹುದೊಂದು ಮಾಡ್. ಏಳು ಕಲ್ಲು, ಒಂದು ಗಾಜಿನ ಹಲಗೆ, ರೆಡ್‌ಸ್ಟೋನ್ ಎಂಬ ಚಿಟಿಕೆ ಕೆಂಪು ಪುಡಿ ಇವಿಷ್ಟನ್ನು ಜೋಡಿಸಿದರೆ ಆಟದೊಳಗೇ ಒಂದು ಗಣಕಯಂತ್ರ ಸಿದ್ಧವಾಗುತ್ತದೆ. ಅದು ಬರಿಯ ಬೊಂಬೆಯಲ್ಲ. ಬ್ರೆಜಿಲ್ ದೇಶದಲ್ಲಿ 1993ರಲ್ಲಿ ಹುಟ್ಟಿದ ಲುವಾ ಎಂಬ ಭಾಷೆಯಲ್ಲಿ ಆಟಗಾರನು ಬರೆದ ಕ್ರಮವಿಧಿಯನ್ನು ಅದು ನಿಜವಾಗಿಯೂ ನಡೆಸುತ್ತದೆ.

ಗಣಕಕ್ಕೆ ಮೋಡೆಮ್ ಜೋಡಿಸಿದರೆ ಅದು ಇತರ ಗಣಕಗಳೊಡನೆ ಮಾತನಾಡಬಲ್ಲದು. ತಂತಿಯಿಲ್ಲದ ಮೋಡೆಮಿನ ಧ್ವನಿ ತಗ್ಗಿನಲ್ಲಿ ಸಾಮಾನ್ಯವಾಗಿ 64 ಬ್ಲಾಕ್‌ಗಳಷ್ಟು ದೂರ ಹೋಗುತ್ತದೆ. ಬೆಟ್ಟದ ತುದಿಗೇರಿದಂತೆ ಅದರ ವ್ಯಾಪ್ತಿ ಹೆಚ್ಚುತ್ತದೆ. ಸಂದೇಶಗಳು 0ಯಿಂದ 65535ರವರೆಗಿನ ಚಾನೆಲ್‌ಗಳಲ್ಲಿ ಸಂಚರಿಸುತ್ತವೆ. ಇಷ್ಟೊಂದು ಚಾನೆಲ್‌ಗಳಲ್ಲಿ ತನಗೆ ಬೇಕಾದ ಒಂದನ್ನು ಆರಿಸಿಕೊಂಡ ಆಟಗಾರನು ತನ್ನದೇ ಖಾಸಗಿ ಜಾಲವನ್ನು ಕಟ್ಟಿದೆನೆಂದು ಹಿಗ್ಗುವುದು ಸಹಜ. ಆದರೆ ಸಂದೇಶವೊಂದು ಹೊರಟಿತೆಂದರೆ, ವ್ಯಾಪ್ತಿಯೊಳಗೆ ಆ ಚಾನೆಲನ್ನು ತೆರೆದಿರುವ ಮೋಡೆಮುಗಳೆಲ್ಲಕ್ಕೂ ಅದು ಕೇಳಿಸುತ್ತದೆ. ಡಂಗುರ ಸಾರುವವನು ಒಬ್ಬನ ಹೆಸರು ಹಿಡಿದು ಕೂಗಿದರೂ ಬೀದಿಗೆಲ್ಲ ಕೇಳಿಸುವುದಷ್ಟೆ!

ಪ್ರತಿಯೊಂದು ಗಣಕಕ್ಕೂ ಒಂದು ಸಂಖ್ಯೆಯಿದ್ದು, ಆ ಸಂಖ್ಯೆಗೆ ನೇರವಾಗಿ ಓಲೆ ಕಳುಹಿಸುವ ರೆಡ್‌ನೆಟ್ ಎಂಬ ಸುಲಭ ವ್ಯವಸ್ಥೆಯೂ ಈ ಮಾಡ್‌ನಲ್ಲಿದೆ. ದೂರದ ಗಣಕಗಳಿಗೆ ಓಲೆಯನ್ನು ದಾಟಿಸಲೆಂದು ರೆಡ್‌ನೆಟ್ ಪ್ರತಿಯೊಂದರ ಪ್ರತಿಯನ್ನು 65533ನೆಯ ಚಾನೆಲಿಗೂ ಕಳುಹಿಸುತ್ತದೆ. ಆದುದರಿಂದ ಕದ್ದು ಕೇಳಬಯಸುವವನು ಅದೊಂದನ್ನು ತೆರೆದು ಕುಳಿತರೆ ಸಾಕು, ಸುತ್ತಲಿನ ರೆಡ್‌ನೆಟ್ ಓಲೆಗಳೆಲ್ಲ ಅವನ ಮುಂದೆ ಬಂದು ಬೀಳುತ್ತವೆ. ಇದಲ್ಲದೆ, ಓಲೆಯಲ್ಲಿ ಕಾಣುವ ಕಳುಹಿಸಿದವನ ಸಂಖ್ಯೆಯನ್ನು ತುಂಬುವವನೂ ಕಳುಹಿಸಿದವನೇ. ಸುಳ್ಳು ಸಂಖ್ಯೆಯನ್ನು ತುಂಬುವುದು ಕಷ್ಟವಲ್ಲ.

ಇದರಿಂದ ಒದಗುವ ನಷ್ಟವೇನು? ಒಬ್ಬ ಆಟಗಾರನು ತಿಂಗಳುಗಟ್ಟಲೆ ಅಗೆದು ತಂದ ವಜ್ರಗಳನ್ನು ಉಗ್ರಾಣದಲ್ಲಿಟ್ಟು ಕಬ್ಬಿಣದ ಬಾಗಿಲನ್ನು ಹಾಕಿದನೆಂದು ಭಾವಿಸಿರಿ. ಕಿಸೆಯ ಗಣಕದಿಂದ ಗುಟ್ಟಿನ ಮಾತೊಂದು ಬಂದಾಗ ಬಾಗಿಲಿನ ಗಣಕವು ಅದನ್ನು ತೆರೆಯುತ್ತದೆ. ಆತನು ಬುದ್ಧಿವಂತನಾಗಿ ಆ ಮಾತನ್ನು ಯಾರಿಗೂ ಅರ್ಥವಾಗದಂತೆ ಸಂಕೇತಾಕ್ಷರಗಳಲ್ಲಿ ಬರೆದಿದ್ದಾನೆ. ಆದರೂ ಗೋಡೆಯಾಚೆಯಲ್ಲಿ ಹೊಂಚಿದ್ದ ನೆರೆಯವನಿಗೆ ಅದರ ಅರ್ಥ ತಿಳಿಯಬೇಕಾದ ಅಗತ್ಯವೇ ಇಲ್ಲ. ಕೇಳಿದ ಅಕ್ಷರಗಳನ್ನು ಹಾಗೆಯೇ ಬರೆದಿಟ್ಟುಕೊಂಡು, ಒಡೆಯನು ಮಲಗಿದ ಮೇಲೆ ಮತ್ತೆ ನುಡಿಸಿದರಾಯಿತು. ಗಿಣಿಗೆ ಮಾತಿನ ಅರ್ಥ ತಿಳಿಯಬೇಕೆ? ಬೆಳಗಾಗುವುದರೊಳಗೆ ಉಗ್ರಾಣ ಬರಿದಾಗಿರುತ್ತದೆ.

ಇದಕ್ಕೆ ಪರಿಹಾರವೆಂದರೆ, ಬಾಗಿಲು ಸುಮ್ಮನೆ ಕೇಳಿಸಿಕೊಳ್ಳದೆ ತಾನೇ ಪ್ರಶ್ನೆ ಹಾಕುವುದು. ಪ್ರತಿ ಸಲವೂ ಅದು ಹಿಂದೆಂದೂ ಬಳಸದ ದೊಡ್ಡ ಸಂಖ್ಯೆಯೊಂದನ್ನು ಕಳುಹಿಸುತ್ತದೆ. ಕಿಸೆಯ ಗಣಕವು ಆ ಸಂಖ್ಯೆಯನ್ನೂ ಇಬ್ಬರಿಗೆ ಮಾತ್ರ ತಿಳಿದ ಗುಟ್ಟನ್ನೂ ಬೆರೆಸಿ, ಹಿಮ್ಮುಖವಾಗಿ ಬಿಡಿಸಲಾಗದ ಲೆಕ್ಕವೊಂದನ್ನು ಮಾಡಿ ಫಲವನ್ನಷ್ಟೇ ಹಿಂದಿರುಗಿಸುತ್ತದೆ. ಅರಿಸಿನವೂ ಸುಣ್ಣವೂ ನೀರಿನಲ್ಲಿ ಬೆರೆತು ಓಕುಳಿಯಾದ ಮೇಲೆ ಅವೆರಡನ್ನೂ ಬೇರ್ಪಡಿಸಲಾದೀತೆ? ಹೊಂಚುವವನು ಪ್ರಶ್ನೆಯನ್ನೂ ಉತ್ತರವನ್ನೂ ಕೇಳಿಸಿಕೊಳ್ಳಲಿ. ಮರುದಿನದ ಪ್ರಶ್ನೆ ಬೇರೆ, ಅದರ ಉತ್ತರವೂ ಬೇರೆ. ಗುಟ್ಟು ಮಾತ್ರ ಉದ್ದವಾಗಿರಬೇಕು. ನಾಲ್ಕಂಕಿಯ ಗುಟ್ಟಾದರೆ ಒಂದೊಂದನ್ನೇ ಲೆಕ್ಕಹಾಕಿ ನೋಡಿ ಕಂಡುಹಿಡಿದುಬಿಡುತ್ತಾರೆ. ಹೊರಗಿನ ಪ್ರಪಂಚದ ಜಾಲಗಳಲ್ಲಿ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಎಂಬ ಲೆಕ್ಕವನ್ನು ಆಟಗಾರರೇ ಲುವಾ ಭಾಷೆಯಲ್ಲಿ ಬರೆದು ಈ ಆಟದೊಳಕ್ಕೆ ತಂದಿರುವುದು ಮೆಚ್ಚತಕ್ಕ ಸಾಹಸ.

ಹಾಗಾದರೆ ಮೊದಲ ಗುಟ್ಟನ್ನು ಗೆಳೆಯನಿಗೆ ತಲಪಿಸುವುದು ಹೇಗೆ? ಗಾಳಿಯಲ್ಲಿ ಕಳುಹಿಸಿದರೆ ಮತ್ತೆ ಅದೇ ಪಾಡು. ಕಂಪ್ಯೂಟರ್‌ಕ್ರಾಫ್ಟ್‌ನಲ್ಲಿ ಫ್ಲಾಪಿ ತಟ್ಟೆಗಳೂ ಉಂಟು. ಗುಟ್ಟನ್ನು ಅದರಲ್ಲಿ ಬರೆದು, ಗೆಳೆಯನಿದ್ದಲ್ಲಿಗೆ ನಡೆದುಹೋಗಿ ಕೈಗೇ ಕೊಡುವುದು ಎಲ್ಲಕ್ಕಿಂತ ಸರಳವಾದ ಉಪಾಯ. ನೆಲದಡಿಯಲ್ಲಿ ತಂತಿಯನ್ನು ಎಳೆಯುವವರೂ ಇದ್ದಾರೆ. ತಂತಿಯ ಮಾತು ತಂತಿಗೆ ಸೇರಿದ ಮೋಡೆಮುಗಳಿಗೆ ಮಾತ್ರ ಕೇಳಿಸುತ್ತದೆ, ನಿಜ. ಆದರೆ ಈ ಲೋಕದಲ್ಲಿ ಗುದ್ದಲಿಯಿಲ್ಲದವನು ಯಾರು? ಅಗೆದು ತನ್ನದೊಂದು ಮೋಡೆಮನ್ನು ಅಂಟಿಸಿದರೆ ಅವನೂ ಆ ಜಾಲದೊಳಗಿನವನೇ.

ಓಲೆಯನ್ನು ಎಷ್ಟೇ ಭದ್ರವಾಗಿ ಮುಚ್ಚಿದರೂ ಮುಚ್ಚಲಾಗದ ಸಂಗತಿಯೊಂದುಂಟು. ತಂತಿಯಿಲ್ಲದ ಸಂದೇಶವು ತಲಪಿದಾಗ, ಅದು ಎಷ್ಟು ದೂರದಿಂದ ಬಂದಿತೆಂಬುದನ್ನು ಆಟವೇ ಅಳೆದು ಕೇಳುಗನಿಗೆ ತಿಳಿಸುತ್ತದೆ. ಒಂದೇ ಸಮತಲದಲ್ಲಿರದ ನಾಲ್ಕು ಕಡೆಗಳಲ್ಲಿ ಕೇಳುವ ಗಣಕಗಳನ್ನಿಟ್ಟವನು ಆ ನಾಲ್ಕು ದೂರಗಳಿಂದ ಲೆಕ್ಕಹಾಕಿ, ಅಡಗಿ ಕುಳಿತವನ ನೆಲೆಯನ್ನೇ ಗುರುತಿಸಬಲ್ಲನು. ಇದೇ ಲೆಕ್ಕವು ದಾರಿತಪ್ಪಿದ ಆಟಗಾರನಿಗೆ ತಾನೆಲ್ಲಿದ್ದೇನೆಂದು ತಿಳಿಸುವುದಕ್ಕೂ ನೆರವಾಗುತ್ತದೆ.

ಇನ್ನು ಹಲವರು ಕೂಡಿ ಆಡುವಾಗ ಆ ಲೋಕವೆಲ್ಲವೂ ಸರ್ವರ್ ಎಂಬ ನಿಜವಾದ ಗಣಕವೊಂದರಲ್ಲಿ ನೆಲೆಸಿರುತ್ತದೆ. ಆಟದೊಳಗಿನ ಪ್ರತಿ ಗಣಕದ ಬರಹಗಳು ಅಲ್ಲಿ ಅದರದರ ಸಂಖ್ಯೆಯ ಕಡತಕೋಶದಲ್ಲಿ ಸಾಮಾನ್ಯ ಕಡತಗಳಾಗಿ ಉಳಿದಿರುತ್ತವೆ. ಬಾಗಿಲಿನ ಗಣಕದಲ್ಲಿ ಬರೆದಿಟ್ಟ ಗುಟ್ಟೂ ಅಲ್ಲಿಯೇ ಇರುತ್ತದೆ. ಸರ್ವರಿನ ಒಡೆಯನು ಬಯಸಿದಾಗ ಅದನ್ನು ತೆರೆದು ಓದಬಹುದು.