ಫಸ್ಟ್ ಬಂದವಳಿಗೆ ತರಗತಿಯೇ ಟೂ ಬಿಟ್ಟರೆ

2022ರ ಸೆಪ್ಟೆಂಬರ್‌ನಲ್ಲಿ ಪುದುಚೇರಿಯ ಕಾರೈಕಾಲ್‌ನಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ವಿಷಪ್ರಾಶನದಿಂದ ಸತ್ತ. ಪೊಲೀಸರು ಬಂಧಿಸಿದ್ದು ಅವನ ಸಹಪಾಠಿಯ ತಾಯಿಯನ್ನು. ಓದಿನಲ್ಲಿ ತನ್ನ ಮಗಳಿಗಿಂತ ಆ ಹುಡುಗ ಮುಂದಿದ್ದ ಎಂಬ ಹೊಟ್ಟೆಕಿಚ್ಚೇ ಕಾರಣ ಎಂಬುದು ಪೊಲೀಸರ ಆರೋಪ. ಇದು ಅತಿರೇಕದ ಪ್ರಕರಣ, ನಿಜ. ಆದರೆ ತರಗತಿಯ ಅಸೂಯೆಯನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಇದನ್ನು ಮರೆಯಬಾರದು. ಎಷ್ಟೋ ಸಲ ಆ ಕಿಚ್ಚಿಗೆ ಮೊದಲ ಕಡ್ಡಿ ಗೀರುವುದು ದೊಡ್ಡವರೇ.

ಮಕ್ಕಳ ಅಸೂಯೆ ಅಪರಿಚಿತರ ಮೇಲೆ ಹುಟ್ಟುವುದು ಕಡಿಮೆ. ಭೀಮನಿಗೆ ವಿಷವುಣಿಸಿ, ಬಳ್ಳಿಗಳಿಂದ ಕಟ್ಟಿ ಗಂಗೆಗೆ ನೂಕಿದ ದುರ್ಯೋಧನ ಅವನೊಂದಿಗೇ ಆಡಿ ಬೆಳೆದವನು. ತನಗೆ ಮುಖ್ಯವೆನಿಸಿದ ವಿಷಯದಲ್ಲಿ ಹತ್ತಿರದವರು ಮುಂದೆ ಹೋದಾಗ ಮನುಷ್ಯನಿಗೆ ಹೆಚ್ಚು ನೋಯುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಟೆಸ್ಸರ್ 1980ರ ದಶಕದಲ್ಲಿ ವಿವರಿಸಿದರು. ಹಾಗಾಗಿ ಜಾಣ ಮಗುವಿಗೆ ಕಾಟ ಕೊಡುತ್ತಿರುವವರು ಯಾರೆಂದು ಹುಡುಕುವಾಗ ಹಿಂದಿನ ಬೆಂಚಿನ ತುಂಟರನ್ನಷ್ಟೇ ನೋಡಿದರೆ ಸಾಲದು. ನಿನ್ನೆಯವರೆಗೆ ಡಬ್ಬಿ ಹಂಚಿಕೊಂಡ ಗೆಳತಿ, ಎರಡನೇ ಸ್ಥಾನದಲ್ಲಿರುವ ಶಿಸ್ತಿನ ಹುಡುಗ, ಇವರ ಕಡೆಗೂ ಕಣ್ಣು ಹಾಯಬೇಕು.

ಮೊದಲು ಗುರುತಿಸಿ

ಅಸೂಯೆಯಿಂದ ಹುಟ್ಟುವ ಈ ಕ್ರೌರ್ಯದಲ್ಲಿ ಹೊಡೆತ ಕಾಣಿಸದೇ ಇರಬಹುದು. 'ಮಿಸ್‌ಗೆ ಬಕೆಟ್ ಹಿಡೀತಾಳೆ', 'ಸ್ಕೋಪ್ ತಗೋತಾನೆ' ಎಂಬ ಮಾತಿನಿಂದ ಶುರುವಾಗುತ್ತದೆ. ಮುಂದೆ ಎಲ್ಲರೂ ಸೇರಿ ಟೂ ಬಿಡುವುದು, ಹುಟ್ಟುಹಬ್ಬಕ್ಕೆ ಅವಳೊಬ್ಬಳನ್ನು ಬಿಟ್ಟು ಉಳಿದವರನ್ನೆಲ್ಲ ಕರೆಯುವುದು, ನಕಲು ಮಾಡಿ ಅಂಕ ತೆಗೆದಳೆಂದು ಸುದ್ದಿ ಹಬ್ಬಿಸುವುದು, ಪರೀಕ್ಷೆಯ ಹಿಂದಿನ ದಿನ ನೋಟ್ಸ್ ಮಾಯವಾಗುವುದು. ಗೆಳೆತನವನ್ನೇ ಆಯುಧ ಮಾಡಿಕೊಳ್ಳುವ ಈ ಬಗೆಯ ಹಿಂಸೆಯ ಬಗ್ಗೆ ಸಂಶೋಧಕರಾದ ನಿಕಿ ಕ್ರಿಕ್ ಮತ್ತು ಜೆನಿಫರ್ ಗ್ರಾಟ್‌ಪೀಟರ್ 1995ರಲ್ಲಿ ಅಧ್ಯಯನ ಪ್ರಕಟಿಸಿದರು.

ಸಾಮಾನ್ಯ ಜಗಳಕ್ಕೂ ಕಿರುಕುಳಕ್ಕೂ ಇರುವ ವ್ಯತ್ಯಾಸ ತಿಳಿಯಲು ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ ಕೊಟ್ಟ ಮೂರು ಲಕ್ಷಣಗಳು ಇಂದಿಗೂ ಉಪಯುಕ್ತ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲದ ಅಸಮತೋಲನ. ಶಿಕ್ಷಕರು ಎಡವುವುದು ಮೂರನೆಯದರಲ್ಲಿ. ಜಾಣ ಮಗು ಅವರ ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಊಟದ ಬೆಲ್ ಹೊಡೆದ ಮೇಲೆ ಅಂಕಗಳಿಂದ ಏನೂ ಪ್ರಯೋಜನವಿಲ್ಲ. ಅಲ್ಲಿ ಆ ಮಗು ಒಂಟಿ, ಎದುರಿಗಿರುವುದು ಗುಂಪು.

ನೊಂದ ಮಗುವಿನ ಜೊತೆ

'ಅವರಿಗೆ ಹೊಟ್ಟೆಕಿಚ್ಚು, ನೀನು ತಲೆ ಕೆಡಿಸಿಕೊಳ್ಳಬೇಡ' ಎಂದು ಹೇಳಿ ಮುಗಿಸಬೇಡಿ. ಕಾರಣ ಸರಿಯಿದ್ದರೂ ಮಗುವಿನ ಪಾಲಿಗೆ ಅದು ಪರಿಹಾರವಲ್ಲ. ನಾಳೆಯೂ ಅದೇ ಬೆಂಚಿನಲ್ಲಿ ಕೂರಬೇಕು. ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿ. ದಿನಾಂಕ, ಜಾಗ, ಆಡಿದ ಮಾತು, ಅಲ್ಲಿದ್ದವರು ಯಾರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ನಡೆದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಖ್ಯವಾಗಿ, ಕೈ ಎತ್ತಿ ಉತ್ತರ ಹೇಳುವುದನ್ನು, ಹಾಡುವುದನ್ನು, ಸ್ಪರ್ಧೆಗೆ ಹೆಸರು ಕೊಡುವುದನ್ನು ನಿಲ್ಲಿಸು ಎಂದು ಹೇಳಲೇಬೇಡಿ. ಕಾಟ ಕೊಟ್ಟವರು ಬಯಸಿದ್ದು ಅದನ್ನೇ.

ಕಾಟ ಕೊಟ್ಟ ಮಗುವಿನ ಪೋಷಕರ ಮನೆಗೆ ನೇರವಾಗಿ ಜಗಳಕ್ಕೆ ಹೋಗಬಾರದು. ತರಗತಿ ಶಿಕ್ಷಕರು, ಆಮೇಲೆ ಮುಖ್ಯ ಶಿಕ್ಷಕರು. ಅಲ್ಲಿಯೂ ಆಗದಿದ್ದರೆ ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ), ಖಾಸಗಿಯಾದರೆ ಆಡಳಿತ ಮಂಡಳಿ. ದೂರನ್ನು ಬರವಣಿಗೆಯಲ್ಲೇ ಕೊಟ್ಟು, ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿ.

ಶಿಕ್ಷಕರು ಮಾಡಬೇಕಾದ್ದು

ಇಬ್ಬರನ್ನೂ ಎದುರುಬದುರು ನಿಲ್ಲಿಸಿ 'ಸಾರಿ ಹೇಳು, ಕೈ ಕೊಡು' ಎನ್ನುವ ಪಂಚಾಯಿತಿ ಬೇಡ. ಬಲ ಸಮನಾಗಿಲ್ಲದ ಕಡೆ ರಾಜಿ ಮಾಡಿಸಿದರೆ ಕಾಟ ಗುಟ್ಟಾಗಿ ಮುಂದುವರಿಯುತ್ತದೆ. ಒಬ್ಬೊಬ್ಬರನ್ನೇ ಬೇರೆಯಾಗಿ ಮಾತನಾಡಿಸಿ.

ಹೆಚ್ಚು ಫಲ ಸಿಗುವುದು ಸುಮ್ಮನೆ ನೋಡುತ್ತ ನಿಂತವರಿಂದ. ಫಿನ್‌ಲ್ಯಾಂಡಿನ ಟುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಅವರ ತಂಡ ರೂಪಿಸಿದ 'ಕಿವಾ' ಕಾರ್ಯಕ್ರಮ ನಿಂತಿರುವುದೇ ಇದರ ಮೇಲೆ. ಕಾಟ ಕೊಡುವವರಿಗೆ ಬೇಕಿರುವುದು ಸುತ್ತಲಿನವರ ನಗು. ಅದು ಸಿಗದಿದ್ದರೆ ಆಟ ಸಪ್ಪೆಯಾಗುತ್ತದೆ. ತರಗತಿಯಲ್ಲಿ ಎಲ್ಲರಿಗೂ ಬೇಕಾದ ಎರಡು ಮೂರು ಮಕ್ಕಳನ್ನು ಕರೆದು, ಊಟಕ್ಕೆ ನೊಂದ ಮಗುವನ್ನು ಜೊತೆಗೆ ಕೂರಿಸಿಕೊಳ್ಳಿ ಎಂದು ಕೇಳಿ. ದೊಡ್ಡ ಭಾಷಣಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಇನ್ನೊಂದು ಮಾತು: 'ಅವಳನ್ನು ನೋಡಿ ಕಲೀರಿ' ಎಂದು ಒಬ್ಬಳನ್ನೇ ಎದ್ದು ನಿಲ್ಲಿಸಿ ಹೊಗಳುವುದನ್ನು ಬಿಡಬೇಕು. ಹೊಗಳಿಕೆ ಶಿಕ್ಷಕರದು, ಅದರ ಬೆಲೆ ತೆರುವುದು ಆ ಮಗು.

ಕಾಟ ಕೊಟ್ಟದ್ದು ನಿಮ್ಮದೇ ಮಗುವಾದರೆ

ಇದು ಎಲ್ಲಕ್ಕಿಂತ ಕಷ್ಟ. ಮೊದಲು ಕೃತ್ಯವನ್ನು ಖಚಿತವಾಗಿ ತಡೆಯಿರಿ: ಕದ್ದ ನೋಟ್ಸ್ ವಾಪಸಾಗಬೇಕು, ಹಬ್ಬಿಸಿದ ಸುಳ್ಳನ್ನು ಅದೇ ಗುಂಪಿನಲ್ಲಿ ಹಿಂತೆಗೆದುಕೊಳ್ಳಬೇಕು. ಆದರೆ ಅಸೂಯೆಪಟ್ಟಿದ್ದಕ್ಕೆ ಬೈಯಬೇಡಿ. 'ಅವಳಿಗೆ ಬಹುಮಾನ ಬಂದಾಗ ನಿನಗೆ ಸಂಕಟ ಆಯ್ತಾ?' ಎಂದು ಕೇಳಿ ನೋಡಿ. ಅನಿಸಿದ್ದನ್ನು ಹೇಳಿಕೊಳ್ಳಲು ಜಾಗ ಸಿಕ್ಕರೆ ಅದನ್ನು ಬೇರೆಯವರ ಮೇಲೆ ತೀರಿಸಿಕೊಳ್ಳುವ ಒತ್ತಡ ಕಡಿಮೆಯಾಗುತ್ತದೆ. ಜೊತೆಗೆ ಮನೆಯ ಮಾತನ್ನೂ ಗಮನಿಸಿ. ಅಂಕಪಟ್ಟಿ ಕೈಗೆ ಬಂದ ಕೂಡಲೇ 'ಪಕ್ಕದ್ಮನೆಯವಳಿಗೆ ಎಷ್ಟು?' ಎಂದು ಕೇಳುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಹೋಲಿಸಲೇಬೇಕಿದ್ದರೆ ಮಗುವಿನ ಕಳೆದ ಪರೀಕ್ಷೆಯೊಂದಿಗೆ ಹೋಲಿಸಿ.

ಮಗು ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದರೆ, ನಿದ್ದೆ ಊಟ ಬಿಟ್ಟರೆ, ಸಾಯುವ ಮಾತಾಡಿದರೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098. ಮಾನಸಿಕ ಆರೋಗ್ಯದ ಉಚಿತ ಸಲಹೆಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತನಾಡಬಹುದು.